ಸುಟ್ಟ ಭಾಗಕ್ಕೆ ಹೊಸ ಭಾಗ: ಇದು ದುರಸ್ತಿಯೇ?

ಆಂಪ್ಲಿಫೈಯರನ್ನು ಸ್ವತಃ ಕಟ್ಟಿ ಹಾಡು ಕೇಳಬೇಕೆಂಬ ಆಸೆ ನಮ್ಮ ವಿದ್ಯಾರ್ಥಿಗಳಲ್ಲಿ ಹೊಸದೇನೂ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು, ಬೆಸುಗೆ ಹಾಕಿ, ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ತಾವೇ ಕಟ್ಟಿದ ಯಂತ್ರವನ್ನು ಹಾಡಿಸಿದವರು ಅನೇಕರು. ಹಿಂದೆ ಈ ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುತ್ತಿದ್ದುದು ಕಬ್ಬಿಣದ ತಿರುಳಿನ ಭಾರವಾದ ಟ್ರಾನ್ಸ್‌ಫಾರ್ಮರು. ಈಗ ಆ ಸ್ಥಾನವನ್ನು ಅಂಗೈಯಗಲದ ಸ್ವಿಚ್ ಮೋಡ್ ಪವರ್ ಸಪ್ಲೈ, ಅಂದರೆ ಎಸ್.ಎಂ.ಪಿ.ಎಸ್., ಆಕ್ರಮಿಸುತ್ತಿದೆ. ಇದನ್ನು ಮನೆಯಲ್ಲಿ ಕಟ್ಟಬಹುದೆ? ಕಟ್ಟಿದ್ದು ಕೆಟ್ಟರೆ ಏನು ಮಾಡಬೇಕು? ಈ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲು ಇದರ ತತ್ತ್ವ. ಮನೆಗೆ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹದ ಶಿಖರ ಮೌಲ್ಯ ಸುಮಾರು 325 ವೋಲ್ಟ್. ಡಯೋಡ್ ಸೇತುವೆಯೂ ದೊಡ್ಡ ಕೆಪಾಸಿಟರೂ ಸೇರಿ ಇದನ್ನು ಅಷ್ಟೇ ವೋಲ್ಟಿನ ಏಕಮುಖ ಪ್ರವಾಹವನ್ನಾಗಿ ಮಾಡುತ್ತವೆ. ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ 50 ಸಾವಿರ ಬಾರಿ ಹಿಂದುಮುಂದಾಗಿ ಕಡಿದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ. ಟ್ರಾನ್ಸ್‌ಫಾರ್ಮರು ಪುಟ್ಟದಾದುದು ಹೇಗೆ? ಇಲ್ಲಿ ಮಾಯೆಯೇನೂ ಇಲ್ಲ, ಫ್ಯಾರಡೆಯ ನಿಯಮವೊಂದೇ ಇದೆ. ಚೌಕ ಅಲೆಗೆ ಬೇಕಾದ ಸುತ್ತುಗಳ ಸಂಖ್ಯೆಯನ್ನು ತಿಳಿಯಬೇಕಾದರೆ ವೋಲ್ಟೇಜನ್ನು ಆವೃತ್ತಿ, ಫ್ಲಕ್ಸ್ ಸಾಂದ್ರತೆ, ತಿರುಳಿನ ಅಡ್ಡಕೊಯ್ತದ ವಿಸ್ತೀರ್ಣ ಇವುಗಳ ಗುಣಲಬ್ಧದ ನಾಲ್ಕರಷ್ಟರಿಂದ ಭಾಗಿಸಬೇಕು. ಹಾಫ್ ಬ್ರಿಡ್ಜ್ ಎಂಬ ಜೋಡಣೆಯಲ್ಲಿ ಟ್ರಾನ್ಸ್‌ಫಾರ್ಮರಿಗೆ 325ರ ಅರ್ಧ, ಎಂದರೆ ಸುಮಾರು 162 ವೋಲ್ಟ್ ಮಾತ್ರ ದೊರೆಯುತ್ತದೆ. ತಿರುಳಿನ ವಿಸ್ತೀರ್ಣ 1.25 ಚದರ ಸೆಂಟಿಮೀಟರ್ ಇರಲಿ. 50 ಹರ್ಟ್ಸ್ ಆವೃತ್ತಿಯಲ್ಲಿ, ಕಬ್ಬಿಣದ ತಿರುಳಿನಲ್ಲಿ 1.2 ಟೆಸ್ಲಾ ಫ್ಲಕ್ಸ್ ಸಾಂದ್ರತೆಗೆ ಬೇಕಾಗುವ ಸುತ್ತುಗಳು 5,400. ಆವೃತ್ತಿಯನ್ನು 50 ಸಾವಿರ ಹರ್ಟ್ಸಿಗೆ ಏರಿಸಿ, ಫೆರೈಟ್ ತಿರುಳಿನಲ್ಲಿ 0.15 ಟೆಸ್ಲಾ ಮಾತ್ರ ಬಳಸಿದರೂ 44 ಸುತ್ತುಗಳು ಸಾಕು! ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿ ಸ್ನೂಕ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಬೆಳೆಸಿದ ಫೆರೈಟ್ ವಸ್ತುಗಳಿಲ್ಲದಿದ್ದರೆ ಈ ಲಾಭ ನಮಗೆ ದಕ್ಕುತ್ತಿರಲಿಲ್ಲ. ಇಷ್ಟು ವೇಗವಾಗಿ ಬದಲಾಗುವ ಫ್ಲಕ್ಸಿನಲ್ಲಿ ಮಾಮೂಲಿ ಕಬ್ಬಿಣದ ತಿರುಳು ಸುಳಿಪ್ರವಾಹದಿಂದ ಕಾದು ಹೋಗುತ್ತದೆ.

ತರಗತಿಯಲ್ಲಿ ಕಲಿತ ಒಂದು ಸೂತ್ರ ಹೀಗೆ ಕಣ್ಣೆದುರಿಗೆ ಕೆಲಸ ಮಾಡುವುದನ್ನು ಕಾಣುವುದು ವಿದ್ಯಾರ್ಥಿಗೆ ದೊಡ್ಡ ಲಾಭ. ಆದುದರಿಂದ “ಇದು ಅಪಾಯ, ಮುಟ್ಟಲೇಬೇಡ” ಎನ್ನುವವರ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಅಂತೆಯೇ “ಸಿದ್ಧ ಫಲಕವೇ ಅಗ್ಗವಾಗಿ ಸಿಗುವಾಗ ಕಟ್ಟುವ ಶ್ರಮವೇಕೆ?” ಎನ್ನುವವರ ಮಾತನ್ನೂ ಒಪ್ಪಲಾರೆವು. ಹಾಡು ಕೇಳುವುದಷ್ಟೇ ಉದ್ದೇಶವಾದರೆ ಕೊಳ್ಳುವುದೇ ಸರಿ. ಕಲಿಯುವುದು ಉದ್ದೇಶವಾದರೆ ಕಟ್ಟಬೇಕು. ಆದರೆ ಎಲ್ಲಿಂದ ಆರಂಭಿಸಬೇಕು, ಕೆಟ್ಟಾಗ ಹೇಗೆ ವಿಚಾರ ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ.

ನಾವು ಕಂಡಿರುವ ಪದ್ಧತಿ ಇದು: ಎಲ್ಲಿಂದಲೋ ಒಂದು ನಕ್ಷೆಯನ್ನು ತಂದು, ಅದರಂತೆ ಜೋಡಿಸಿ, ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವುದು. ಫಟ್ಟೆಂದು ಸದ್ದಾಗಿ ಮಾಸ್‌ಫೆಟ್ ಸುಟ್ಟರೆ ಹೊಸದನ್ನು ಹಾಕುವುದು. ಅದೂ ಸುಟ್ಟರೆ ಇನ್ನೊಂದು. ಇದನ್ನು ದುರಸ್ತಿಯೆಂದು ಕರೆಯಲಾಗದು. ಮಾಸ್‌ಫೆಟ್ ಸುಡುವಾಗ ಅನೇಕ ವೇಳೆ ಅದರ ಡ್ರೈನ್ ಮತ್ತು ಗೇಟ್ ಒಳಗೇ ಕೂಡಿಕೊಂಡು, 325 ವೋಲ್ಟ್ ಹಿಂದಕ್ಕೆ ನುಗ್ಗಿ ಗೇಟಿನ ರೋಧಕವನ್ನೂ ಅದನ್ನು ನಡೆಸುವ ಚಿಪ್ಪನ್ನೂ ಹಾಳುಮಾಡುತ್ತದೆ. ಹಾಳಾದ ಚಿಪ್ಪಿನ ಮುಂದೆ ಎಷ್ಟು ಹೊಸ ಮಾಸ್‌ಫೆಟ್ಟುಗಳನ್ನಿಟ್ಟರೂ ಅವುಗಳ ಗತಿ ಒಂದೇ. ಕಾಣುವುದು ಸುಟ್ಟ ಭಾಗ. ಕಾಣದಿರುವುದು ಸುಟ್ಟ ಕಾರಣ. ಆ ಕಾರಣ ಸುತ್ತುಗಳು ಕಡಿಮೆಯಾಗಿ ತಿರುಳು ಸಂತೃಪ್ತವಾದುದಿರಬಹುದು. ಎರಡು ಮಾಸ್‌ಫೆಟ್ಟುಗಳೂ ಒಂದೇ ಕ್ಷಣ ತೆರೆದುಕೊಂಡುದಿರಬಹುದು. ಆಂಪ್ಲಿಫೈಯರಿನಲ್ಲೇ ಷಾರ್ಟ್ ಇರಬಹುದು. ಯಾವುದೆಂದು ತಿಳಿಯದೆ ಹೊಸ ಭಾಗವನ್ನು ಹಾಕುವುದು ಹಣ ಸುಡುವ ಕೆಲಸ.

ಹಣ ಹೋದರೆ ಹೋಗಲಿ ಎನ್ನಬಹುದು. ಇಲ್ಲಿ ಪ್ರಾಣವೂ ಪಣಕ್ಕೆ ಬೀಳುತ್ತದೆ. 470 ಮೈಕ್ರೊಫ್ಯಾರಡಿನ ಕೆಪಾಸಿಟರು 325 ವೋಲ್ಟಿನಲ್ಲಿ ಸುಮಾರು 25 ಜೂಲ್ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ಸರಿಯಾಗಿ ನಡೆಯುತ್ತಿರುವ ಸಪ್ಲೈಯನ್ನು ಆರಿಸಿದಾಗ ಈ ಶಕ್ತಿಯ ಬಹುಭಾಗ ಆಂಪ್ಲಿಫೈಯರಿಗೆ ಹರಿದುಹೋಗುತ್ತದೆ. ಕೆಟ್ಟು ನಿಂತ ಸಪ್ಲೈಯಲ್ಲಿ ಅದಕ್ಕೆ ಹೋಗಲು ದಾರಿಯೇ ಇಲ್ಲ. ಪ್ಲಗ್ಗನ್ನು ಕಿತ್ತ ಮೇಲೂ ಅಲ್ಲೇ ಕಾದಿರುತ್ತದೆ. ಸತ್ತಂತೆ ಕಾಣುವ ಯಂತ್ರವೇ ಹೆಚ್ಚು ಅಪಾಯಕಾರಿಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಕೆಪಾಸಿಟರಿಗೆ ಅಡ್ಡಲಾಗಿ 47 ಸಾವಿರ ಓಮಿನ, 5 ವಾಟಿನ ರೋಧಕವೊಂದನ್ನು ಕಾಯಂ ಆಗಿ ಕೂಡಿಸಿದರೆ ಪ್ರತಿ 22 ಸೆಕೆಂಡಿಗೆ ವೋಲ್ಟೇಜು ಇದ್ದುದರ ಶೇಕಡಾ 37ಕ್ಕೆ ಇಳಿಯುತ್ತ, ಎರಡು ನಿಮಿಷಗಳಲ್ಲಿ 2 ವೋಲ್ಟಿಗೂ ಕಡಿಮೆಯಾಗುತ್ತದೆ. ಹಾಗಿದ್ದರೂ ಆ ರೋಧಕವೇ ಕೆಟ್ಟಿರಬಹುದು. ಮೀಟರಿನಿಂದ ಅಳೆದ ಹೊರತು ಕೈಯಿಡಕೂಡದು.

ಇನ್ನೊಂದು ಗುಪ್ತ ಅಪಾಯವುಂಟು. ಸದ್ದನ್ನು ತಗ್ಗಿಸಲು ಮೇನ್ಸ್ ಭಾಗಕ್ಕೂ ಆಂಪ್ಲಿಫೈಯರಿನ ಭಾಗಕ್ಕೂ ನಡುವೆ ಒಂದು ಚಿಕ್ಕ ಕೆಪಾಸಿಟರನ್ನು ಹಾಕುತ್ತಾರೆ. ಅದು ವೈ ದರ್ಜೆಯದೇ ಆಗಿರಬೇಕು. ಆ ದರ್ಜೆಯ ಕೆಪಾಸಿಟರುಗಳನ್ನು ಷಾರ್ಟ್ ಆಗದಂತೆ ವಿಶೇಷವಾಗಿ ರಚಿಸಿರುತ್ತಾರೆ. ಕೈಗೆ ಸಿಕ್ಕ ಸಾಮಾನ್ಯ ಕೆಪಾಸಿಟರನ್ನು ಅಲ್ಲಿ ಹಾಕಿ, ಅದು ಷಾರ್ಟ್ ಆದರೆ, ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೇ ಮೇನ್ಸ್ ಬರುತ್ತದೆ. ಮೈಕು ಹಿಡಿದು ಹಾಡುವವನಿಗೆ ಒಳಗೇನಿದೆಯೆಂದು ತಿಳಿದಿರುವುದಿಲ್ಲ. ಪೆಟ್ಟಿಗೆಗೆ ಅರ್ಥಿಂಗ್ ಕೊಡುವುದನ್ನು ಕಡ್ಡಾಯವೆಂದೇ ತಿಳಿಯಬೇಕು.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲನೆಯ ಸಪ್ಲೈ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವಂಥದಾಗಿರಲಿ ಎಂಬುದು ನಮ್ಮ ಸಲಹೆ. ಕಾರಿನ ಆಂಪ್ಲಿಫೈಯರುಗಳಲ್ಲಿ ಇರುವುದು ಇದೇ. ಮೇಲೆ ಹೇಳಿದ ತಿರುಳಿಗೆ ಪ್ರೈಮರಿಯ ಪ್ರತಿ ಅರ್ಧಕ್ಕೆ 4 ಸುತ್ತು, ಸೆಕೆಂಡರಿಯ ಪ್ರತಿ ಅರ್ಧಕ್ಕೆ 12 ಸುತ್ತು ಹಾಕಿದರೆ ಸುಮಾರು 35 ವೋಲ್ಟ್ ಧನ, 35 ವೋಲ್ಟ್ ಋಣ ದೊರೆಯುತ್ತದೆ. ಬ್ಯಾಟರಿಯ ತಂತಿಯಲ್ಲಿ ಫ್ಯೂಸ್ ಇರಲೇಬೇಕು. ಎರಡು ಕೊನೆಗಳ ನಡುವಣ 70 ವೋಲ್ಟೂ ಮುಟ್ಟತಕ್ಕದ್ದಲ್ಲ. ಆದರೆ ಫ್ಯಾರಡೆಯ ನಿಯಮ, ತಿರುಳಿನ ಸಂತೃಪ್ತಿ, ಸುರುಳಿಯ ದಿಕ್ಕು ಎಲ್ಲವನ್ನೂ ಇಲ್ಲಿ ಮೇನ್ಸಿನ ಭಯವಿಲ್ಲದೆ ಕಲಿಯಬಹುದು. ಪ್ರೌಢಶಾಲೆಯ ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲತಕ್ಕದ್ದು. ಕಾಲೇಜಿನವರು ಮುಂದೆ ಹೋಗುವುದಾದರೆ ತಿಳಿದವರ ಎದುರಿನಲ್ಲಿ, ಎಂದೂ ಒಬ್ಬರೇ ಅಲ್ಲದೆ, ಹೋಗಲಿ.

ಆಗ ಮೊದಲ ಸಂಗಾತಿ ಹಳೆಯ 60 ವಾಟಿನ ತಂತುದೀಪ. ಅದನ್ನು ಮೇನ್ಸಿನೊಡನೆ ಸರಣಿಯಲ್ಲಿ ಕೂಡಿಸಿದರೆ ಸಪ್ಲೈಯಲ್ಲಿ ಷಾರ್ಟ್ ಇದ್ದರೂ ಪ್ರವಾಹ ಸುಮಾರು ಕಾಲು ಆಂಪಿಯರ್ ಮೀರದು. ದೀಪ ಬೆಳಗಿ ದೋಷವನ್ನು ಸಾರುತ್ತದೆ, ಮಾಸ್‌ಫೆಟ್ ಉಳಿಯುತ್ತದೆ. ಎಲ್.ಇ.ಡಿ. ದೀಪ ಈ ಕೆಲಸಕ್ಕೆ ಬಾರದು. ಕಾದಂತೆ ರೋಧ ಹೆಚ್ಚುವ ಗುಣ ತಂತುವಿನದು. ಎರಡನೆಯ ಸಂಗಾತಿ ಐಸೊಲೇಷನ್ ಟ್ರಾನ್ಸ್‌ಫಾರ್ಮರು. ಆಸಿಲೋಸ್ಕೋಪಿನ ಕಪ್ಪು ಕ್ಲಿಪ್ಪು ಅರ್ಥಿಗೆ ಕೂಡಿರುತ್ತದೆ. ಇದನ್ನು ಅರಿಯದೆ ಮೇನ್ಸ್ ಭಾಗಕ್ಕೆ ಸಿಕ್ಕಿಸಿದರೆ ಡಯೋಡ್ ಸೇತುವೆಯ ಮೂಲಕ ಷಾರ್ಟ್ ಆಗುತ್ತದೆ.

ಇನ್ನು ವಿಚಾರದ ಕ್ರಮ. ಸಪ್ಲೈ ಟಿಕ್ ಟಿಕ್ ಎಂದು ಮಿಡಿಯುತ್ತ, ಏಳುತ್ತ ಬೀಳುತ್ತ ಇದೆಯೆನ್ನಿ. ಯುಸಿ3842 ಎಂಬ ಬಹುಬಳಕೆಯ ಚಿಪ್ಪು 16 ವೋಲ್ಟ್ ದೊರೆತಾಗ ಎಚ್ಚರಗೊಂಡು, 10 ವೋಲ್ಟಿಗೆ ಇಳಿದಾಗ ಮಲಗುತ್ತದೆ. ಎಚ್ಚರವಾದ ಮೇಲೆ ಅದಕ್ಕೆ ಆಹಾರ ಟ್ರಾನ್ಸ್‌ಫಾರ್ಮರಿನ ಸಹಾಯಕ ಸುರುಳಿಯಿಂದ ಬರಬೇಕು. ಬಾರದಿದ್ದರೆ ಕಾರಣ ಮೂರರಲ್ಲಿ ಒಂದಿರುವುದು ಹೆಚ್ಚು: ಪಕ್ಕದ ಕೆಪಾಸಿಟರು ಒಣಗಿದೆ, ಸುರುಳಿಯ ಕೊನೆಗಳು ಅದಲುಬದಲಾಗಿವೆ, ಇಲ್ಲವೆ ಸೆಕೆಂಡರಿಯಲ್ಲಿ ಷಾರ್ಟ್ ಇದೆ. ಮೂರು ಊಹೆಗಳಿಗೂ ಒಂದೊಂದು ಪರೀಕ್ಷೆಯುಂಟು. ಹಾಗೆಯೇ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬಂದೊಡನೆ ಸಪ್ಲೈಯನ್ನು ದೂರುವುದು ವಾಡಿಕೆ. ಆಂಪ್ಲಿಫೈಯರಿನ ಇನ್‌ಪುಟ್ಟನ್ನು ಅದರ ಗ್ರೌಂಡಿಗೆ ಕೂಡಿಸಿ ನೋಡಿ. ಸದ್ದು ಅಡಗಿದರೆ ದೋಷ ಹೊರಗಿನ ಕೇಬಲಿನಲ್ಲೋ ಗ್ರೌಂಡಿನ ಸುತ್ತಿನಲ್ಲೋ ಇದೆ, ಸಪ್ಲೈ ನಿರಪರಾಧಿ. 50 ಸಾವಿರ ಹರ್ಟ್ಸ್ ಮನುಷ್ಯನ ಕಿವಿಗೆ ಕೇಳಿಸದು; ಸಪ್ಲೈಯಿಂದಲೇ ಗುಂಯ್‌ಗುಟ್ಟುವಿಕೆ ಬರುವುದಾದರೆ ಅದು ಬಹುಮಟ್ಟಿಗೆ ಮೇನ್ಸ್ ಕೆಪಾಸಿಟರಿನ 100 ಹರ್ಟ್ಸ್ ಏರಿಳಿತ.

ಊಹೆ, ಪರೀಕ್ಷೆ, ನಿರ್ಣಯ: ವಿಜ್ಞಾನದ ಮಾರ್ಗ ಇದಲ್ಲವೆ? ಮೀಟರ್ ಸೇತುವೆಯ ಪ್ರಯೋಗದಲ್ಲಿ ಬರಬೇಕಾದ ಉತ್ತರ ವಿದ್ಯಾರ್ಥಿಗೆ ಮೊದಲೇ ತಿಳಿದಿರುತ್ತದೆ. ಕೆಟ್ಟ ಸಪ್ಲೈಯ ಉತ್ತರ ಅವನಿಗೂ ತಿಳಿಯದು, ಅವನ ಅಧ್ಯಾಪಕನಿಗೂ ತಿಳಿಯದು. ಆದುದರಿಂದ ಪ್ರತಿಯೊಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಇದಕ್ಕಾಗಿ ಒಂದು ಮೇಜು, ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರು, ಒಂದು ಸರಣಿ ದೀಪ ಇರಲಿ. ವಿದ್ಯಾರ್ಥಿ ತಾನು ಊಹಿಸಿದುದನ್ನೂ ಪರೀಕ್ಷಿಸಿದುದನ್ನೂ ಕ್ರಮವಾಗಿ ಬರೆದಿಡಲಿ. ಆ ಬರಹಕ್ಕೆ ಪ್ರಯೋಗದ ಅಂಕಗಳು ದೊರೆಯಲಿ. ಇದಕ್ಕೆ ತಗಲುವ ವೆಚ್ಚ ಹೆಚ್ಚಿನದಲ್ಲ. ಹುಡುಗರು ಮನೆಯ ಮೂಲೆಯಲ್ಲಿ ಒಬ್ಬರೇ ಕುಳಿತು ಮಾಡುವ ಕೆಲಸವನ್ನು ಬೆಳಕಿಗೆ, ಹಿರಿಯರ ಎದುರಿಗೆ ತರುವುದೇ ಅವರ ಕಲಿಕೆಗೂ ಅವರ ಪ್ರಾಣಕ್ಕೂ ಲೇಸು.