ಈಜುಕೊಳದ ದಡದಲ್ಲಿ ಉಪಾಧ್ಯಾಯರು

ಪಟ್ಟಣದ ಪಾಠಶಾಲೆಗಳು ಮಕ್ಕಳಿಗೆ ಈಜು ಕಲಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಕೊಳದ ಬಳಿ ಉಪಾಧ್ಯಾಯರ ನಡತೆಯು ಹೇಗಿರತಕ್ಕದ್ದೆಂದು ವಿಚಾರಿಸುವ ತಂದೆತಾಯಿಗಳು ವಿರಳ. ಶುಲ್ಕವೆಷ್ಟು, ವಾರಕ್ಕೆ ಎಷ್ಟು ದಿನ ಎಂದು ಕೇಳಿ ಹಿಂದಿರುಗುತ್ತಾರೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವೆಗಳಿಗೂ ಗೋವುಗಳಿಗೂ ಬೇರೆ ಬೇರೆ ಅಧ್ಯಕ್ಷರನ್ನು ಹೇಳಿದೆ. ಅಕ್ಷವೆಂದರೆ ಕಣ್ಣು, ಯಾವನ ಕಣ್ಣು ಕಾರ್ಯದ ಮೇಲಿರುವುದೋ ಅವನು ಅಧ್ಯಕ್ಷನು. ಈಗ ಆ ಶಬ್ದವು ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವವರಿಗೆ ಸಂದಿದೆ, ಇರಲಿ. ಕೊಳದ ದಡದಲ್ಲಿ ನಿಂತ ಉಪಾಧ್ಯಾಯನು ಹಳೆಯ ಅರ್ಥದಲ್ಲಿಯೇ ಅಧ್ಯಕ್ಷನಾಗಬೇಕು.

ಮುಳುಗುವವರು ಕೈಬೀಸಿ ಕೂಗುವರೆಂದು ಜನರು ನಂಬಿದ್ದಾರೆ. ಇದು ಬಹುಮಟ್ಟಿಗೆ ತಪ್ಪು. ಉಸಿರಿಗೇ ಎಡೆಯಿಲ್ಲದ ಮಗುವು ಕೂಗುವುದೆಂತು? ಬಾಯಿಯು ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿರುತ್ತದೆ. ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೇಹವು ನೆಟ್ಟಗೆ ನಿಂತಂತಿರುತ್ತದೆ. ದೂರದಿಂದ ನೋಡುವವರಿಗೆ ಆಟವೆಂದೇ ತೋರುವುದು. ಒಂದು ನಿಮಿಷದೊಳಗಾಗಿ ಮಗುವು ತಳಕ್ಕಿಳಿಯಬಹುದು; ಉಸಿರಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳು ಕೆಡಲಾರಂಭಿಸುತ್ತದೆ. ಮೊಬೈಲಿಗೆ ಬಂದ ಸಂದೇಶವೊಂದನ್ನು ಓದಿ ಉತ್ತರ ಬರೆಯಲು ಅಷ್ಟು ಹೊತ್ತು ಸಾಕಲ್ಲವೆ? ಆದುದರಿಂದ ದಡದಲ್ಲಿ ಮೊಬೈಲು ಕೂಡದು, ಪತ್ರಿಕೆ ಕೂಡದು, ಸಹೋದ್ಯೋಗಿಗಳೊಡನೆ ಹರಟೆಯೂ ಕೂಡದು. ಈಜು ಕಲಿಸುವವನೇ ಕಾವಲುಗಾರನೂ ಆಗಲಾರನು. ಒಂದು ಮಗುವಿನ ಹೊಟ್ಟೆಗೆ ಕೈಯಾನಿಸಿ ಹಿಡಿದವನಿಗೆ ಬೆನ್ನ ಹಿಂದಿನ ಹತ್ತು ಮಕ್ಕಳು ಕಾಣುವುದಿಲ್ಲ. 2024ರ ಡಿಸೆಂಬರಿನಲ್ಲಿ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮಡಿದರು. ಕಡಲಿನ ಸೆಳೆತವು ಕೊಳದಲ್ಲಿಲ್ಲ, ನಿಜ. ಆದರೂ ಸಂಗಡ ಉಪಾಧ್ಯಾಯರಿದ್ದಾರೆಂಬುದರಿಂದಲೇ ಮಕ್ಕಳು ಕ್ಷೇಮವೆಂದು ಎಣಿಸಲಾಗದು.

ಬೆದರಿದ ಮಗುವನ್ನು ನೀರಿಗೆ ನೂಕುವವರುಂಟು. ನಮ್ಮ ಬಾಲ್ಯದಲ್ಲಿ ಬಾವಿಗೆ ತಳ್ಳುವಾಗಲೂ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದರು!

ಬಟ್ಟೆ ಬದಲಿಸುವ ಕೊಠಡಿಯ ವಿಷಯವನ್ನೆತ್ತಲು ಹಿರಿಯರು ಸಂಕೋಚಪಡುತ್ತಾರೆ, ನಾವು ಪಡುವುದಿಲ್ಲ. ಹೆಣ್ಣುಮಕ್ಕಳ ಕೊಠಡಿಯ ಬಳಿ ಉಪಾಧ್ಯಾಯಿನಿಯರೇ, ಕೂಗಿದರೆ ಕೇಳುವಂತೆ, ಬಾಗಿಲ ಹೊರಗೆ ನಿಲ್ಲತಕ್ಕದ್ದು. ಗಂಡಾಗಲಿ ಹೆಣ್ಣಾಗಲಿ, ಒಂಟಿ ಮಗುವಿನೊಡನೆ ಯಾರೂ ಬಾಗಿಲಿಕ್ಕಿಕೊಂಡು ಇರಕೂಡದು. ಈಜುಡುಪಿನಲ್ಲಿರುವ ಮಕ್ಕಳ ಭಾವಚಿತ್ರವನ್ನು ಶಾಲೆಯ ವಾರ್ಷಿಕ ಸಂಚಿಕೆಗೆಂದೂ ತೆಗೆಯಬಾರದು. 2012ರ ಪೋಕ್ಸೋ ಕಾಯಿದೆಯು ಶಾಲೆಯ ಸಿಬ್ಬಂದಿಯೇ ಮಾಡಿದ ಲೈಂಗಿಕ ಅಪರಾಧವನ್ನು ಮತ್ತಷ್ಟು ಘೋರವೆಂದು ಎಣಿಸುತ್ತದೆ. ತಿಳಿದೂ ಮುಚ್ಚಿಟ್ಟವರಿಗೂ ಅದರಲ್ಲಿ ಶಿಕ್ಷೆಯುಂಟು. ಶಾಲೆಯ ಹೆಸರು ಕೆಡುವುದೆಂದು ಬಾಯಿಮುಚ್ಚುವ ಮುಖ್ಯೋಪಾಧ್ಯಾಯರು ಇದನ್ನು ಮರೆಯದಿರಲಿ.

ಇನ್ನು ಮಕ್ಕಳ ಎಣಿಕೆ. ನೀರಿಗಿಳಿಯುವ ಮುನ್ನ ಎಣಿಸಬೇಕು, ನಡುನಡುವೆ ಎಣಿಸಬೇಕು, ಕೊನೆಯ ಮಗು ಮೇಲೇರಿದಾಗ ದಡದಲ್ಲಿಯೇ ಎಣಿಸಬೇಕು. ಬಸ್ಸು ಹತ್ತಿಸುವಾಗ ಒಂದು ತಲೆ ಕಡಮೆಯೆಂದು ತಿಳಿದರೆ ಅಷ್ಟರಲ್ಲಿ ಆ ನಾಲ್ಕೈದು ನಿಮಿಷಗಳು ಕಳೆದುಹೋಗಿರುತ್ತವೆ.