ಮಾಲೀಕರಿಗೆ ಕೇಳಬೇಕಾದ ಪ್ರಶ್ನೆಯನ್ನು ಮ್ಯಾನೇಜರ್‌ಗೆ ಕೇಳುತ್ತಿದ್ದೇವೆ

2023ರ ಜೂನ್ 7ರಂದು ಪ್ರಾಗ್ ನಗರದಲ್ಲಿ ಜಾರಡ್ ಬೊವೆನ್ 90ನೇ ನಿಮಿಷಕ್ಕೆ ಹೊಡೆದ ಗೋಲಿನಿಂದ ವೆಸ್ಟ್ ಹ್ಯಾಮ್ ಯುನೈಟೆಡ್ ತಂಡ ಇಟಲಿಯ ಫಿಯೊರೆಂಟೀನಾವನ್ನು 2-1ರಿಂದ ಸೋಲಿಸಿ ಯುರೋಪಾ ಕಾನ್ಫರೆನ್ಸ್ ಲೀಗ್ ಗೆದ್ದಿತು. 1980ರ ಎಫ್‌ಎ ಕಪ್ ಆದ ಮೇಲೆ ಪೂರ್ವ ಲಂಡನ್ನಿನ ಈ ಕ್ಲಬ್ ಕಂಡ ಮೊದಲ ದೊಡ್ಡ ಪ್ರಶಸ್ತಿ ಅದು. ಮುಂದಿನ ವರ್ಷ ಮೇ 6ಕ್ಕೆ, ಹನ್ನೊಂದು ತಿಂಗಳು ತುಂಬುವ ಹೊತ್ತಿಗೆ, ಆ ಪ್ರಶಸ್ತಿ ತಂದುಕೊಟ್ಟ ಮ್ಯಾನೇಜರ್ ಡೇವಿಡ್ ಮೋಯೆಸ್ ಸೀಸನ್ ಮುಗಿದ ಕೂಡಲೇ ಹೊರಡುತ್ತಾರೆಂದು ಕ್ಲಬ್ ಪ್ರಕಟಿಸಿತು. ತಿಂಗಳುಗಟ್ಟಲೆ ಮೊದಲೇ ಅಭಿಮಾನಿಗಳು ಎರಡು ಪಾಲಾಗಿದ್ದರು. ಮಾಡಬೇಕಾದ್ದನ್ನು ಮಾಡಿದ್ದಾರೆ, ಇಲ್ಲಿಂದ ಮುಂದಕ್ಕೆ ಒಯ್ಯುವುದು ಇವರಿಂದಾಗದು ಎಂದು ಒಂದು ಪಾಲು. ಇವರು ಹೋದ ಮೇಲೆ ಇವರ ಬೆಲೆ ತಿಳಿಯುತ್ತದೆ ಎಂದು ಇನ್ನೊಂದು ಪಾಲು.

ಇಬ್ಬರೂ ತಪ್ಪು ಮನುಷ್ಯನನ್ನು ನಡುವೆ ನಿಲ್ಲಿಸಿಕೊಂಡು ಜಗಳವಾಡಿದರು ಎಂಬುದು ನನ್ನ ವಾದ.

ಮೋಯೆಸ್ ಬೇಡವೆಂದವರನ್ನು ಕೃತಘ್ನರೆಂದು ಬೈಯುವವರ ಜೊತೆ ನಾನು ಸೇರುವುದಿಲ್ಲ. ಆ ಸೀಸನ್ನಿನಲ್ಲಿ ತಂಡ 9ನೇ ಸ್ಥಾನ ಪಡೆಯಿತು, ನಿಜ. ಆದರೆ 38 ಪಂದ್ಯಗಳಲ್ಲಿ 74 ಗೋಲು ಬಿಟ್ಟುಕೊಟ್ಟಿತು. ಫೆಬ್ರುವರಿಯಲ್ಲಿ ತವರಿನಲ್ಲೇ ಆರ್ಸೆನಲ್ ಎದುರು 6-0, ಏಪ್ರಿಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು 5-2, ಮೇ ತಿಂಗಳಲ್ಲಿ ಚೆಲ್ಸಿ ಎದುರು 5-0. ಚೆಂಡನ್ನು ಎದುರಾಳಿಗೆ ಬಿಟ್ಟು, ಹಿಂದೆ ಸರಿದು, ಸಿಕ್ಕ ಅವಕಾಶಕ್ಕಾಗಿ ಕಾಯುವ ಆಟವನ್ನು ವರ್ಷಗಟ್ಟಲೆ ನೋಡಿದವರಿಗೆ ಬೇಸರವಾಗಿದ್ದರೆ ಅದು ಅವರ ಹಕ್ಕು. ವಾರವಿಡೀ ದುಡಿದು ಟಿಕೆಟ್ ಕೊಳ್ಳುವವರಿಗೆ ಒಳ್ಳೆಯ ಆಟ ಕೇಳುವ ಅಧಿಕಾರವಿಲ್ಲ ಎನ್ನಲು ಸ್ಟುಡಿಯೋದಲ್ಲಿ ಕುಳಿತ ಮಾಜಿ ಆಟಗಾರರು ಯಾರು?

ಆದರೆ ಅದೇ ಸೀಸನ್ ಶುರುವಾಗುವ ಮುನ್ನ ಏನಾಯಿತು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಪ್ರಾಗ್‌ನಲ್ಲಿ ಕಪ್ ಎತ್ತಿದ ನಾಯಕ ಡೆಕ್ಲನ್ ರೈಸ್ ಜುಲೈನಲ್ಲಿ ಆರ್ಸೆನಲ್‌ಗೆ ಹೋದರು. ಬೆಲೆ 10 ಕೋಟಿ ಪೌಂಡ್, ಅದರ ಮೇಲೆ ಇನ್ನೊಂದು 50 ಲಕ್ಷ. ಆ ಹಣದಲ್ಲಿ ಯಾರನ್ನು ತರಬೇಕು ಎಂಬುದರ ಬಗ್ಗೆ ಮ್ಯಾನೇಜರ್‌ಗೂ ಹೊಸದಾಗಿ ಬಂದ ಟೆಕ್ನಿಕಲ್ ಡೈರೆಕ್ಟರ್‌ಗೂ ಹೊಂದಿಕೆಯಾಗುತ್ತಿಲ್ಲ ಎಂಬ ಸುದ್ದಿ ಲಂಡನ್ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ತಂಡದ ಬೆನ್ನೆಲುಬನ್ನು ಮಾರಿ, ಮುಂದಿನ ತಂಡ ಯಾರ ಕಲ್ಪನೆಯದು ಎಂದು ತೀರ್ಮಾನಿಸದೆ ಬಿಟ್ಟ ಆಡಳಿತದ ಹೆಸರು ಬ್ಯಾನರ್‌ಗಳಲ್ಲಿ ಕಡಿಮೆ ಕಂಡಿತು. ಮೋಯೆಸ್ ಹೆಸರು ಹೆಚ್ಚು ಕಂಡಿತು.

ಆಮೇಲೆ ಆದದ್ದು ಇಷ್ಟು. ಸ್ಪೇನಿನ ಯೂಲೆನ್ ಲೊಪೆಟೆಗಿ ಬಂದರು. ಹತ್ತು ಕೋಟಿ ಪೌಂಡ್‌ಗೂ ಮಿಕ್ಕಿ ಖರ್ಚಾಯಿತು. 2025ರ ಜನವರಿ 8ಕ್ಕೆ ಅವರನ್ನು ಕಳುಹಿಸಿದರು. ಗ್ರಹಾಂ ಪಾಟರ್ ಬಂದರು, ತಂಡ 14ನೇ ಸ್ಥಾನದಲ್ಲಿ ನಿಂತಿತು, ಸೆಪ್ಟೆಂಬರ್‌ನಲ್ಲಿ ಅವರೂ ಹೋದರು. ಆ ನಡುವೆ ಮೋಯೆಸ್ ತಮ್ಮ ಹಳೆಯ ಎವರ್ಟನ್‌ಗೆ ಮರಳಿದರು. ಇಳಿಕೆಯ ಅಂಚಿನಲ್ಲಿದ್ದ ಎವರ್ಟನ್ ಆ ಸೀಸನ್ ಮುಗಿಸಿದ್ದು 13ನೇ ಸ್ಥಾನದಲ್ಲಿ, ವೆಸ್ಟ್ ಹ್ಯಾಮ್‌ಗಿಂತ ಒಂದು ಮೆಟ್ಟಿಲು ಮೇಲೆ.

ಇದಕ್ಕಿಂತ ಎಷ್ಟೋ ದುಬಾರಿ ಬೆಲೆ ತೆತ್ತ ಕ್ಲಬ್ ಅದೇ ಲಂಡನ್ನಿನಲ್ಲಿದೆ. ಥೇಮ್ಸ್ ನದಿಯ ದಕ್ಷಿಣಕ್ಕಿರುವ ಚಾರ್ಲ್ಟನ್ ಅಥ್ಲೆಟಿಕ್‌ನ ಕಥೆ ನಮ್ಮ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ. ಫುಟ್‌ಬಾಲ್ ಪ್ರೀತಿಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಕಥೆ ಅದು.

1985ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಟನ್ ತನ್ನ ಮೈದಾನ 'ದಿ ವ್ಯಾಲಿ'ಯನ್ನು ಬಿಡಬೇಕಾಯಿತು. ಏಳು ವರ್ಷ ಪರರ ಅಂಗಳದಲ್ಲಿ ಆಡಿತು, ಮೊದಲು ಕ್ರಿಸ್ಟಲ್ ಪ್ಯಾಲೆಸ್‌ನ ಮೈದಾನ, ನಂತರ ವೆಸ್ಟ್ ಹ್ಯಾಮ್‌ನದು. ವ್ಯಾಲಿಗೆ ಮರಳಲು ಸ್ಥಳೀಯ ಆಡಳಿತ ಅನುಮತಿ ಕೊಡದಿದ್ದಾಗ ಅಭಿಮಾನಿಗಳು 1990ರಲ್ಲಿ 'ವ್ಯಾಲಿ ಪಾರ್ಟಿ' ಎಂಬ ಪಕ್ಷವನ್ನೇ ಕಟ್ಟಿ ಗ್ರೀನಿಚ್ ನಗರಾಡಳಿತದ ಚುನಾವಣೆಗೆ ನಿಂತರು. 14,838 ಮತ ಪಡೆದರು. ಒಂದು ಮೈದಾನಕ್ಕಾಗಿ, ಒಂದೇ ಒಂದು ಬೇಡಿಕೆಯಿಟ್ಟು ಅಷ್ಟು ಮತ! 1992ರ ಡಿಸೆಂಬರ್ 5ರಂದು ತಂಡ ಮನೆಗೆ ಮರಳಿ ಪೋರ್ಟ್ಸ್‌ಮತ್ ತಂಡವನ್ನು 1-0ರಿಂದ ಸೋಲಿಸಿತು. ಅಂದು ತಂಡವನ್ನು ನಡೆಸುತ್ತಿದ್ದವರು ಇಬ್ಬರು, ಅಲನ್ ಕರ್ಬಿಶ್ಲಿ ಮತ್ತು ಸ್ಟೀವ್ ಗ್ರಿಟ್. 1995ರಿಂದ ಕರ್ಬಿಶ್ಲಿ ಒಬ್ಬರೇ.

1998ರ ಪ್ಲೇಆಫ್ ಫೈನಲ್ ವೆಂಬ್ಲಿ ಕಂಡ ಅತ್ಯುತ್ತಮ ಪಂದ್ಯಗಳಲ್ಲೊಂದು. ಸಂಡರ್‌ಲ್ಯಾಂಡ್ ಎದುರು 4-4. ಚಾರ್ಲ್ಟನ್ ಪರ ಮೂರು ಗೋಲು ಹೊಡೆದ ಕ್ಲೈವ್ ಮೆಂಡೊನ್ಸಾ ಬೆಳೆದದ್ದೇ ಸಂಡರ್‌ಲ್ಯಾಂಡ್‌ನಲ್ಲಿ. ಪೆನಾಲ್ಟಿಯಲ್ಲಿ 7-6. ಪ್ರೀಮಿಯರ್ ಲೀಗ್‌ಗೆ ಏರಿದ ತಂಡ ಮರುವರ್ಷವೇ ಇಳಿಯಿತು. ಮಂಡಳಿ ಕರ್ಬಿಶ್ಲಿಯವರನ್ನು ತೆಗೆಯಲಿಲ್ಲ. ಅದರ ಮುಂದಿನ ವರ್ಷ ಅವರು ಎರಡನೇ ದರ್ಜೆಯ ಚಾಂಪಿಯನ್ ಪಟ್ಟದೊಂದಿಗೆ ತಂಡವನ್ನು ಮತ್ತೆ ಮೇಲಕ್ಕೆ ತಂದರು. ನಂತರದ ಆರು ವರ್ಷಗಳಲ್ಲಿ ಪಡೆದ ಸ್ಥಾನಗಳು 9, 14, 12, 7, 11, 13. ಸುಮಾರು 27,000 ಜನ ಹಿಡಿಸುವ ಮೈದಾನವಿರುವ, ದೊಡ್ಡ ಧಣಿಯಿಲ್ಲದ ಕ್ಲಬ್ಬಿಗೆ ಇದು ಅಸಾಮಾನ್ಯ ಸಾಧನೆ.

ಈ ಪಟ್ಟಿಯಲ್ಲಿ 7ರ ಹತ್ತಿರ ಸ್ವಲ್ಪ ನಿಲ್ಲೋಣ. 2004ರ ಜನವರಿಯಲ್ಲಿ ಚಾರ್ಲ್ಟನ್ ಪ್ರೀಮಿಯರ್ ಲೀಗ್‌ನಲ್ಲಿ ನಾಲ್ಕನೇ ಸ್ಥಾನದಲ್ಲಿತ್ತು. ಚಾಂಪಿಯನ್ಸ್ ಲೀಗ್‌ನ ಬಾಗಿಲು ಕಾಣುತ್ತಿತ್ತು. ಆಗ ಒಂದು ಕೋಟಿ ಪೌಂಡ್ ಕೊಟ್ಟು ಚೆಲ್ಸಿ ಚಾರ್ಲ್ಟನ್‌ನ ಹೃದಯದಂತಿದ್ದ ಆಟಗಾರ ಸ್ಕಾಟ್ ಪಾರ್ಕರ್‌ರನ್ನು ಕೊಂಡುಕೊಂಡಿತು. ರೋಮನ್ ಅಬ್ರಮೊವಿಚ್ ಚೆಲ್ಸಿಯನ್ನು ಖರೀದಿಸಿ ವರ್ಷವೂ ಆಗಿರಲಿಲ್ಲ. ಹೋಗಬೇಕೆಂದು ಪಾರ್ಕರ್ ಹಟ ಹಿಡಿದಿದ್ದರು, ಆ ಮಟ್ಟದ ಸಂಬಳ ಕೊಡುವ ಶಕ್ತಿ ಚಾರ್ಲ್ಟನ್‌ಗೆ ಇರಲಿಲ್ಲ. ಸೀಸನ್ ಮುಗಿದಾಗ ತಂಡದ ಬಳಿ 53 ಅಂಕಗಳಿದ್ದವು, ಐದನೇ ಸ್ಥಾನದ ನ್ಯೂಕಾಸಲ್‌ಗೆ 56. ಕರ್ಬಿಶ್ಲಿ ತಂಡವನ್ನು ಮುಂದಕ್ಕೆ ಒಯ್ಯಬಲ್ಲರೇ ಎಂದು ಮುಂದಿನ ಎರಡು ವರ್ಷ ಕೇಳುತ್ತಾ ಹೋದವರಿಗೆ ಉತ್ತರ ಆ ಜನವರಿಯಲ್ಲೇ ಸಿಕ್ಕಿತ್ತು. ಅವರು ಒಯ್ದಿದ್ದರು. ಅಲ್ಲಿ ನಿಲ್ಲಲು ಬೇಕಾದ ಹಣ ಕ್ಲಬ್ಬಿನಲ್ಲಿ ಇರಲಿಲ್ಲ.

2006ರ ಏಪ್ರಿಲ್ ಕೊನೆಗೆ ಅವರು ಹೊರಡುವುದು ತೀರ್ಮಾನವಾಯಿತು. ಅಭಿಮಾನಿಗಳೇ ಅವರನ್ನು ಓಡಿಸಿದರೆಂದು ಇಂಗ್ಲೆಂಡಿನಲ್ಲಿ ಇವತ್ತಿಗೂ ಹೇಳುತ್ತಾರೆ. ಸಣ್ಣ ಕ್ಲಬ್ಬಿನವರು ದುರಾಸೆಪಟ್ಟರು, ಶಿಕ್ಷೆ ಉಂಡರು ಎಂಬ ನೀತಿಕಥೆಯಾಗಿ ಅದನ್ನು ಬೇರೆ ಕ್ಲಬ್ಬುಗಳ ಅಭಿಮಾನಿಗಳ ಬಾಯಿ ಮುಚ್ಚಿಸಲು ಬಳಸುತ್ತಾರೆ. ಇದು ಅನ್ಯಾಯ. ಹಲವರು ಗೊಣಗಿದ್ದರು, ಬದಲಾವಣೆ ಬೇಕೆಂದಿದ್ದರು, ಅಷ್ಟು ನಿಜ. ಆದರೆ ಕರ್ಬಿಶ್ಲಿಯವರ ಒಪ್ಪಂದಕ್ಕೆ ಇನ್ನೊಂದೇ ವರ್ಷ ಉಳಿದಿತ್ತು, ಅದನ್ನು ಮುಂದುವರಿಸುವ ಬಗ್ಗೆ ಅವರಿಗೂ ಮಂಡಳಿಗೂ ಒಮ್ಮತ ಬರಲಿಲ್ಲ. ಸಹಿ ಹಾಕುವ ಪೆನ್ನು ಸ್ಟ್ಯಾಂಡಿನಲ್ಲಿ ಕೂತವರ ಕೈಯಲ್ಲಿ ಇರಲಿಲ್ಲ. ತೀರ್ಮಾನ ಮಂಡಳಿಯದು, ಅಪವಾದ ಜನರದು.

ಆಮೇಲಿನ ಒಂದು ವರ್ಷ ನೋಡಿ. ಇಯಾನ್ ಡೋವಿ ಬಂದರು, ಕೈತುಂಬಾ ಹಣ ಖರ್ಚುಮಾಡಿದರು, ನವೆಂಬರ್‌ನಲ್ಲಿ ಹೋದರು. ಲೆಸ್ ರೀಡ್ ಬಂದರು, ಆರು ವಾರ ಇದ್ದರು. ಆ ಅವಧಿಯಲ್ಲಿ ಲೀಗ್ ಕಪ್‌ನಲ್ಲಿ ನಾಲ್ಕನೇ ದರ್ಜೆಯ ವಿಕಂಬ್ ವಾಂಡರರ್ಸ್ ವ್ಯಾಲಿಗೇ ಬಂದು ಗೆದ್ದುಹೋಯಿತು. ಕ್ರಿಸ್‌ಮಸ್ ಹೊತ್ತಿಗೆ ಮೂರನೆಯವರಾಗಿ ಅಲನ್ ಪಾರ್ಡ್ಯೂ ಬಂದರು. ಪಾರ್ಡ್ಯೂ ಅವರನ್ನು ಅದೇ ತಿಂಗಳು ಹೊರಹಾಕಿದ್ದು ವೆಸ್ಟ್ ಹ್ಯಾಮ್, ಅವರ ಜಾಗಕ್ಕೆ ವೆಸ್ಟ್ ಹ್ಯಾಮ್ ಕರೆದುಕೊಂಡದ್ದು ಇದೇ ಕರ್ಬಿಶ್ಲಿಯವರನ್ನು. 2007ರ ಮೇ ತಿಂಗಳಲ್ಲಿ ಕರ್ಬಿಶ್ಲಿಯವರ ವೆಸ್ಟ್ ಹ್ಯಾಮ್ ಕೊನೆಯ ದಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1-0ರಿಂದ ಗೆದ್ದು ಉಳಿದುಕೊಂಡಿತು. ಚಾರ್ಲ್ಟನ್ ಇಳಿಯಿತು. ಎರಡೇ ವರ್ಷದಲ್ಲಿ ಮೂರನೇ ದರ್ಜೆಗೂ ಜಾರಿತು.

ವೆಸ್ಟ್ ಹ್ಯಾಮ್‌ನಲ್ಲೂ ಕರ್ಬಿಶ್ಲಿ ಬಹಳ ಕಾಲ ಇರಲಿಲ್ಲ. ತಮ್ಮ ಒಪ್ಪಿಗೆಯಿಲ್ಲದೆ ಆಟಗಾರರನ್ನು ಮಾರಿದರೆಂದು 2008ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು, ಕ್ಲಬ್ಬಿನ ವಿರುದ್ಧ ನ್ಯಾಯ ಕೇಳಿ ಗೆದ್ದರು. ಯಾವ ಆಟಗಾರನನ್ನು ಇಟ್ಟುಕೊಳ್ಳಬೇಕು ಎಂಬುದೇ ಮ್ಯಾನೇಜರ್ ಕೈಯಲ್ಲಿಲ್ಲದಿದ್ದರೆ, ತಂಡ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅವನೊಬ್ಬನೇ ಹೊಣೆಯಾಗುವುದು ಹೇಗೆ? 2006ರಲ್ಲಿ ಇಂಗ್ಲೆಂಡ್ ತಂಡದ ಹುದ್ದೆಗೆ ಪರಿಗಣಿಸಲಾದ ಈ ಮನುಷ್ಯ ವೆಸ್ಟ್ ಹ್ಯಾಮ್ ಬಿಟ್ಟ ನಂತರ ಯಾವ ಕ್ಲಬ್ಬಿಗೂ ಮ್ಯಾನೇಜರ್ ಆಗಲಿಲ್ಲ.

ಇಂಗ್ಲಿಷ್ ಫುಟ್‌ಬಾಲಿನ ಲೆಕ್ಕಪತ್ರಗಳನ್ನು ದಶಕಗಳ ಕಾಲ ಓದಿದ ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್ಸ್ಕಿ ತೋರಿಸಿಕೊಟ್ಟದ್ದು ಒಂದು ಸರಳ ಸಂಗತಿ. ಹಲವು ವರ್ಷಗಳ ಸರಾಸರಿ ತೆಗೆದರೆ, ಆಟಗಾರರ ಸಂಬಳಕ್ಕೆ ಹೆಚ್ಚು ಕೊಡುವ ಕ್ಲಬ್ ಮೇಲಿರುತ್ತದೆ, ಕಡಿಮೆ ಕೊಡುವುದು ಕೆಳಗಿರುತ್ತದೆ. ಸಂಬಳಪಟ್ಟಿ ಸೂಚಿಸುವ ಜಾಗಕ್ಕಿಂತ ತಂಡವನ್ನು ವರ್ಷವರ್ಷವೂ ಮೇಲೆ ನಿಲ್ಲಿಸುವ ಮ್ಯಾನೇಜರ್‌ಗಳು ಬೆರಳೆಣಿಕೆಯಷ್ಟು. ಅಂಥವರೊಬ್ಬರು ಸಿಕ್ಕಿದಾಗ ಮುಂದಕ್ಕೆ ಒಯ್ಯುತ್ತಾರಾ ಎಂದು ಕೇಳುವ ಮೊದಲು, ಅವರು ಈಗಾಗಲೇ ಎಷ್ಟು ಮುಂದಿದ್ದಾರೆ ಎಂದು ಅಳೆಯಬೇಕು.

ಬದಲಾವಣೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಲೆಸ್ಟರ್ ಸಿಟಿ 2015ರ ಜೂನ್ ಕೊನೆಯಲ್ಲಿ ನೈಜೆಲ್ ಪಿಯರ್ಸನ್‌ರನ್ನು ತೆಗೆದು ಕ್ಲಾಡಿಯೊ ರನಿಯೇರಿ ಅವರನ್ನು ತಂದಿತು, ಮುಂದಿನ ಮೇ ತಿಂಗಳಲ್ಲಿ ಲೀಗ್ ಚಾಂಪಿಯನ್ ಆಯಿತು. ಬ್ರೈಟನ್‌ನ ಉದಾಹರಣೆ ಇನ್ನೂ ಗಟ್ಟಿ. 2019ರ ಮೇ ತಿಂಗಳಲ್ಲಿ ಬ್ರೈಟನ್ ಕ್ರಿಸ್ ಹ್ಯೂಟನ್‌ರನ್ನು ತೆಗೆದಾಗ ಅವರು ತಂಡವನ್ನು ಪ್ರೀಮಿಯರ್ ಲೀಗ್‌ಗೆ ಏರಿಸಿ, ಎರಡು ಸಲ ಉಳಿಸಿ, ಎಫ್‌ಎ ಕಪ್ ಸೆಮಿಫೈನಲ್‌ವರೆಗೆ ಒಯ್ದಿದ್ದರು. ಅನೇಕರು ಅದನ್ನು ಕ್ರೌರ್ಯ ಎಂದರು. ನಾಲ್ಕು ವರ್ಷದ ನಂತರ ಅದೇ ಬ್ರೈಟನ್ 6ನೇ ಸ್ಥಾನ ಪಡೆದು ಮೊದಲ ಬಾರಿ ಯುರೋಪಿನ ಟೂರ್ನಿಗೆ ಹೋಯಿತು. ಆದರೆ ಬ್ರೈಟನ್ ಮಾಲೀಕ ಟೋನಿ ಬ್ಲೂಮ್‌ಗೆ ತನಗೆ ಯಾವ ಬಗೆಯ ಆಟ ಬೇಕು, ಅದಕ್ಕೆ ಆಟಗಾರರನ್ನು ಹೇಗೆ ಹುಡುಕಬೇಕು ಎಂಬುದು ಗೊತ್ತಿತ್ತು. ಹ್ಯೂಟನ್ ಜಾಗಕ್ಕೆ ಬಂದ ಗ್ರಹಾಂ ಪಾಟರ್ ಮೊದಲೆರಡು ವರ್ಷ ಪಡೆದದ್ದು 15 ಮತ್ತು 16ನೇ ಸ್ಥಾನ. ಮೂರನೇ ವರ್ಷ ಡ್ರಾ ಆದ ಪಂದ್ಯವೊಂದರ ಕೊನೆಗೆ ತವರಿನ ಜನರೇ ಕೂಗಿ ಅವಮಾನಿಸಿದರು. ಮಾಲೀಕ ಅಲುಗಲಿಲ್ಲ. ಇದೇ ಪಾಟರ್ ವೆಸ್ಟ್ ಹ್ಯಾಮ್‌ನಲ್ಲಿ ಒಂಬತ್ತು ತಿಂಗಳು ಕೂಡ ಬಾಳಲಿಲ್ಲ. ಮನುಷ್ಯ ಅವನೇ, ಹಿಂದೆ ನಿಂತ ಕ್ಲಬ್ ಬೇರೆ.

ಈ ಚರ್ಚೆ ನಮಗೆ ದೂರದ್ದಲ್ಲ. ಬೆಂಗಳೂರು ಎಫ್‌ಸಿಯನ್ನು 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಚಾಂಪಿಯನ್ ಮಾಡಿದ ಕಾರ್ಲೆಸ್ ಕ್ವಾದ್ರಾತ್ ಅವರನ್ನು 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ನಂತರ, ಕಳುಹಿಸಿಕೊಟ್ಟರು. ಸಹಾಯಕರಾಗಿ 2016ರಲ್ಲೇ ಬಂದು ಕ್ಲಬ್ಬಿನ ಮೂಲೆಮೂಲೆ ಬಲ್ಲವರು ಅವರು. ಅವರ ನಂತರ ಬಂದವರಲ್ಲಿ ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದರು, ಐಎಸ್‌ಎಲ್ ಫೈನಲ್‌ಗೂ ಒಯ್ದರು. 2023ರ ಡಿಸೆಂಬರ್‌ನಲ್ಲಿ ಅವರೂ ಹೋದರು. 2025ರ ಫೈನಲ್‌ನಲ್ಲಿ ತಂಡ ಮೋಹನ್ ಬಾಗಾನ್ ಎದುರು ಎಡವಿತು. ಕ್ವಾದ್ರಾತ್ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ಹುಡುಗ ಹುಡುಗಿಯರು ಈ ದೇಶದ ಅತ್ಯುತ್ತಮ ಫುಟ್‌ಬಾಲ್ ಅಭಿಮಾನಿಗಳಲ್ಲಿ ಸೇರಿದವರು. ಅವರ ಸಿಟ್ಟಿಗೆ ಬೆಲೆಯಿದೆ, ಆದ್ದರಿಂದಲೇ ಅದು ಸರಿಯಾದ ವಿಳಾಸಕ್ಕೆ ತಲುಪಬೇಕು.

ಆ ವಿಳಾಸವನ್ನು ಚಾರ್ಲ್ಟನ್ ಜನ ಕೊನೆಗೆ ಕಂಡುಕೊಂಡರು. 2014ರಲ್ಲಿ ಬೆಲ್ಜಿಯಂನ ಉದ್ಯಮಿ ರೋಲಾಂಡ್ ಡುಶಾಟ್ಲೆ ಕ್ಲಬ್ಬನ್ನು ಕೊಂಡು, ಅದನ್ನು ಮೂರನೇ ದರ್ಜೆಯಿಂದ ಎತ್ತಿದ್ದ ಕ್ರಿಸ್ ಪೊವೆಲ್‌ರನ್ನು ಎರಡೇ ತಿಂಗಳಲ್ಲಿ ಹೊರಹಾಕಿ, ಒಬ್ಬರ ಹಿಂದೆ ಒಬ್ಬರಂತೆ ಮ್ಯಾನೇಜರ್‌ಗಳನ್ನು ಬದಲಿಸುತ್ತಾ ಹೋದಾಗ, ಅಭಿಮಾನಿಗಳು ಹೊಸ ಮ್ಯಾನೇಜರ್ ಒಳ್ಳೆಯವನೋ ಕೆಟ್ಟವನೋ ಎಂದು ಜಗಳವಾಡುವುದನ್ನು ನಿಲ್ಲಿಸಿದರು. ಮಾಲೀಕರ ವಿರುದ್ಧ ಒಂದಾದರು. 2016ರ ಅಕ್ಟೋಬರ್‌ನಲ್ಲಿ, ತಮ್ಮಂತೆಯೇ ನೊಂದಿದ್ದ ಕೊವೆಂಟ್ರಿ ಸಿಟಿಯ ಅಭಿಮಾನಿಗಳೊಡನೆ ಸೇರಿ ಸಾವಿರಾರು ಪ್ಲಾಸ್ಟಿಕ್ ಹಂದಿಗಳನ್ನು ಮೈದಾನಕ್ಕೆ ಎಸೆದು ಆಟ ನಿಲ್ಲಿಸಿದರು. ಪ್ರತಿಭಟಿಸಲು ಬೆಲ್ಜಿಯಂವರೆಗೂ ಹೋದರು. ಡುಶಾಟ್ಲೆ ಕ್ಲಬ್ಬನ್ನು ಮಾರಿದ್ದು 2020ರಲ್ಲಿ.

ನನ್ನ ತೀರ್ಪು ಇದು. 2006ರಲ್ಲಿ ಕರ್ಬಿಶ್ಲಿಯವರನ್ನು ಬಿಟ್ಟುಕೊಟ್ಟದ್ದು ತಪ್ಪು. 2024ರಲ್ಲಿ ಮೋಯೆಸ್ ಹೊರಟದ್ದು ತಪ್ಪಲ್ಲದಿರಬಹುದು, ಆದರೆ ನಾಳೆ ಯಾವ ಆಟ, ಯಾರ ಆಯ್ಕೆ, ಎಷ್ಟು ಹಣ ಎಂದು ಗೊತ್ತಿಲ್ಲದೆ ಅವರನ್ನು ಕಳುಹಿಸಿದ್ದು ತಪ್ಪೇ. ನಿಮ್ಮ ಕ್ಲಬ್ಬಿನ ಮ್ಯಾನೇಜರ್ ಬಗ್ಗೆ ಮುಂದಿನ ಸಲ ಈ ಜಗಳ ಎದ್ದಾಗ, ಬ್ಯಾನರ್ ಬರೆಯುವ ಮೊದಲು ಮಾಲೀಕರಿಂದ ಎರಡು ಉತ್ತರ ಕೇಳಿ ಪಡೆಯಿರಿ: ಇವರ ಜಾಗಕ್ಕೆ ಯಾರು, ಮತ್ತು ಅವರಿಗೆ ಇವರಿಗೆ ಕೊಡದ ಏನನ್ನು ಕೊಡುತ್ತೀರಿ? ಉತ್ತರ ಬರುವವರೆಗೆ ಮ್ಯಾನೇಜರ್ ಜೊತೆ ನಿಲ್ಲಿ.