ಹೊಸದಕ್ಕಿಂತ ಹೊಸದಾದ ಹಳೇ ಕಾರು!

ಹಳೇ ಇಟಾಲಿಯನ್ ಸ್ಪೋರ್ಟ್ಸ್ ಕಾರುಗಳ ಮಾರಾಟದ ಜಾಹೀರಾತು ಓದೋದು ನನಗೊಂದು ಚಟ. ಕೊಳ್ಳೋ ಯೋಗ್ಯತೆ ಈ ಜನ್ಮದಲ್ಲಂತೂ ಬರೋದಿಲ್ಲ, ಮುಂದಿನ ಜನ್ಮದಲ್ಲೂ ಅನುಮಾನವೇ. ಆದರೂ ಓದ್ತೀನಿ, ಮದುವೆಯಾಗಿ ಇಪ್ಪತ್ತು ವರ್ಷ ಆದವರೂ ವಧು-ವರರ ಕಾಲಂ ಓದೋ ಹಾಗೆ! ಓದಿ ಓದಿ ಅವುಗಳ ಭಾಷೆ ಬಾಯಿಪಾಠ ಆಗಿಬಿಟ್ಟಿದೆ. "ಪ್ರತಿಯೊಂದು ನಟ್ಟು ಬೋಲ್ಟೂ ಬಿಚ್ಚಿ ರೆಸ್ಟೋರ್ ಮಾಡಲಾಗಿದೆ." "ಮ್ಯಾಚಿಂಗ್ ನಂಬರ್ಸ್." "ಫ್ಯಾಕ್ಟರಿಯಿಂದ ಹೊರಬಂದ ದಿನಕ್ಕಿಂತ ಚೆನ್ನಾಗಿದೆ." ಅದರ ಕೆಳಗೆ ಎರಡೇ ಸಾಲು ಬಿಟ್ಟು, "ಸಂಪೂರ್ಣ ಒರಿಜಿನಲ್."

ಒಂದು ನಿಮಿಷ ಸ್ವಾಮಿ. ಫ್ಯಾಕ್ಟರಿಯಿಂದ ಬಂದದ್ದಕ್ಕಿಂತ ಚೆನ್ನಾಗಿದ್ದರೆ ಅದು ಫ್ಯಾಕ್ಟರಿಯಿಂದ ಬಂದದ್ದಲ್ಲ. ಫ್ಯಾಕ್ಟರಿಯಿಂದ ಬಂದದ್ದೇ ಆಗಿದ್ದರೆ ಅದಕ್ಕಿಂತ ಚೆನ್ನಾಗಿರೋಕೆ ಸಾಧ್ಯ ಇಲ್ಲ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಕೋಟಿಗಟ್ಟಲೆ ಕೇಳ್ತಾರೆ, ಜನ ಕೊಡ್ತಾರೆ. ನನ್ನ ತಕರಾರು ದುಡ್ಡಿನ ಬಗ್ಗೆ ಅಲ್ಲ, ಅವರ ದುಡ್ಡು ಅವರಿಷ್ಟ. ನನ್ನ ತಕರಾರು ಆ 'ಒರಿಜಿನಲ್' ಅನ್ನೋ ಪದದ ಬಗ್ಗೆ.

1950-60ರ ದಶಕದ ಫೆರಾರಿಗಳ ಮೈ ತಯಾರಾಗುತ್ತಿದ್ದದ್ದು ಹೇಗೆ ಅಂತ ಸ್ವಲ್ಪ ನೋಡಿ. ಮೊದೆನಾದಲ್ಲಿ ಸೆರ್ಜಿಯೋ ಸ್ಕಾಲ್ಯೆಟ್ಟಿ ಅಂತ ಒಬ್ಬರಿದ್ದರು (1920-2011). 250 ಟೆಸ್ಟಾ ರೋಸಾ, 250 ಜಿಟಿಒ ಮುಂತಾದ ಕಾರುಗಳ ಮೈ ಅವರ ಕಾರ್ಖಾನೆಯದು. ಅಲ್ಯೂಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ರೂಪ ಕೊಡುತ್ತಿದ್ದರು. ನಕ್ಷೆಗಿಂತ ಹೆಚ್ಚಾಗಿ ಕಣ್ಣಂದಾಜನ್ನೇ ನಂಬಿದ್ದ ಮನುಷ್ಯ. ಹಾಗಾಗಿ ಒಂದೇ ಮಾಡೆಲ್ಲಿನ ಎರಡು ಕಾರು ಪೂರ್ತಿ ಒಂದೇ ಥರ ಇರುತ್ತಿರಲಿಲ್ಲ. ಒಂದೇ ಕಾರಿನ ಎಡಭಾಗಕ್ಕೂ ಬಲಭಾಗಕ್ಕೂ ವ್ಯತ್ಯಾಸ ಇರುತ್ತಿತ್ತು. ಬಾಗಿಲ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಒಳಗಿನ ವೆಲ್ಡಿಂಗ್ ಒರಟು. ರೇಸಿಗೆ ಹೋಗೋ ಕಾರಿಗೆ ಅಷ್ಟು ಸಾಕಿತ್ತು, ಭಾನುವಾರದೊಳಗೆ ತಯಾರಾದರೆ ಸರಿ.

ಈಗ ರೆಸ್ಟೋರ್ ಮಾಡೋರು ಏನು ಮಾಡ್ತಾರೆ? ಬಣ್ಣ ಪೂರ್ತಿ ಕೆರೆದು ಲೋಹ ಬರಿಮೈ ಮಾಡ್ತಾರೆ. ಎಡ-ಬಲ ಅಳೆದು ಸಮ ಮಾಡ್ತಾರೆ. ಸಂದುಗಳೆಲ್ಲ ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ ಜೋಡಿಸ್ತಾರೆ. ಕನ್ನಡಿಯಂಥ ಬಣ್ಣ ಬಳೀತಾರೆ, ಆ ಕಾಲದಲ್ಲಿ ಅಂಥ ಬಣ್ಣವೇ ಇರಲಿಲ್ಲ. ಮೂಲ ಚರ್ಮದ ಸೀಟು ಕಿತ್ತು ಹೊಸ ಚರ್ಮ ಹೊಲೀತಾರೆ. ಯಾವುದೋ ಕಮ್ಮಾರ 1962ರ ಒಂದು ಮಧ್ಯಾಹ್ನ ಹೊಡೆದ ಸುತ್ತಿಗೆ ಏಟಿನ ಗುರುತು ಅಲ್ಲಿ ಇದ್ದದ್ದು ಹೋಯ್ತು. ಆತನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆತ ಬದುಕಿದ್ದ ಅನ್ನೋದಕ್ಕೆ ಇದ್ದ ಸಾಕ್ಷಿ ಆ ಏಟೊಂದೇ. ಅದನ್ನ 'ದೋಷ' ಅಂತ ಉಜ್ಜಿ ಹಾಕಿ, ಆಮೇಲೆ 'ಕೈಕೆಲಸದ ಅದ್ಭುತ' ಅಂತ ಜಾಹೀರಾತು ಬರೀತಾರೆ!

ಹಾಗಾದರೆ ಉಳಿಯೋದೇನು? ನಂಬರು. ಚಾಸಿಸ್, ಎಂಜಿನ್, ಗೇರ್‌ಬಾಕ್ಸ್ ಮೇಲೆ ಕೆತ್ತಿದ ನಂಬರುಗಳು ಕಾರ್ಖಾನೆಯ ದಾಖಲೆಗೆ ತಾಳೆಯಾದರೆ ಅದೇ ಮ್ಯಾಚಿಂಗ್ ನಂಬರ್ಸ್. ಈ ನಂಬರಿನ ಮಹಿಮೆ ಎಷ್ಟು ಅಂದರೆ, 2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಆರ್‌ಎಂ ಸೋದಬೀಸ್‌ನವರು ಒಂದು 1954ರ ಫೆರಾರಿ 500 ಮೊಂಡಿಯಾಲ್ ಹರಾಜು ಹಾಕಿದರು. ಕಾರು ಅನ್ನೋದು ಗೌರವದ ಮಾತು ಅಷ್ಟೆ. ದಶಕಗಳ ಹಿಂದೆ ಅಪಘಾತದಲ್ಲಿ ನಜ್ಜುಗುಜ್ಜಾಗಿ ಸುಟ್ಟುಹೋಗಿದ್ದ ತಗಡಿನ ಮುದ್ದೆ ಅದು. ನಮ್ಮೂರ ಗುಜರಿ ಅಂಗಡಿಯವನು ತೂಕಕ್ಕೆ ಹಾಕುತ್ತಿದ್ದ. ಹೋದದ್ದು ಎಷ್ಟಕ್ಕೆ ಗೊತ್ತಾ? 18 ಲಕ್ಷ 75 ಸಾವಿರ ಡಾಲರ್!

ಆ ಕಾರಿಗೆ ಒಳ್ಳೆ ಚರಿತ್ರೆ ಇದೆ, ಇಲ್ಲ ಅನ್ನಲ್ಲ. 1947ರಲ್ಲಿ ಫೆರಾರಿಗೆ ಮೊಟ್ಟಮೊದಲ ಗೆಲುವು ತಂದುಕೊಟ್ಟ ಫ್ರಾಂಕೊ ಕೊರ್ತೇಸೆ ಓಡಿಸಿದ್ದ ಕಾರು. ಆದರೆ ಆ ಮುದ್ದೆಯಿಂದ ಮುಂದೊಂದು ದಿನ ಫಳಫಳ ಹೊಳೆಯೋ ಕಾರು ಎದ್ದು ಬಂದರೆ, ಅದರ ಮೈಯ ಎಷ್ಟು ಭಾಗ 1954ರದ್ದಾಗಿರುತ್ತೆ? ಹಿಡಿಯನ್ನ ಎರಡು ಸಲ, ತಲೆಯನ್ನ ಮೂರು ಸಲ ಬದಲಾಯಿಸಿ "ಇದು ನಮ್ಮಜ್ಜನ ಕೊಡಲಿ" ಅಂದ ಹಾಗೆ.

ಲ್ಯಾಂಬೊರ್ಗಿನಿ ಮಿಯುರಾ ಕಥೆ ಇನ್ನೊಂದು ಥರ. 1966ರಿಂದ 1973ರವರೆಗೆ ತಯಾರಾದದ್ದು ಸುಮಾರು 760. ಬೆರ್ತೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ ವಿನ್ಯಾಸ ಮಾಡಿದ್ದು. ಮೊದಲ ಪಿ400 ಮಾಡೆಲ್ಲಿನ ಹೆಡ್‌ಲೈಟ್ ಸುತ್ತ ಕಣ್ರೆಪ್ಪೆಯಂಥ ಪಟ್ಟಿಗಳಿವೆ. ಕೊನೆಯ ಎಸ್‌ವಿ ಮಾಡೆಲ್ಲಿನಲ್ಲಿ ರೆಪ್ಪೆ ಇಲ್ಲ, ಹಿಂದಿನ ಚಕ್ರದ ಮೇಲಿನ ಮೈ ಅಗಲ. ಎಸ್‌ವಿಗಳು ಸುಮಾರು 150 ಮಾತ್ರ, ಹಾಗಾಗಿ ಬೆಲೆ ಜಾಸ್ತಿ. ಪರಿಣಾಮ? ಎಷ್ಟೋ ಪಿ400ಗಳ ರೆಪ್ಪೆ ಕಿತ್ತು, ಸೊಂಟ ಅಗಲ ಮಾಡಿ, ಎಸ್‌ವಿ ವೇಷ ಹಾಕಿಸಿದರು. ಇದಕ್ಕೂ ರೆಸ್ಟೋರೇಶನ್ ಅಂತಲೇ ಹೆಸರು!

ನನಗೆ ನಗು ಬರೋದು ಯಾಕೆ ಅಂದರೆ, ಹಳೆಯದನ್ನ ಹೇಗೆ ದುರಸ್ತಿ ಮಾಡಬೇಕು ಅಂತ ಜಗತ್ತಿಗೆ ಪಾಠ ಹೇಳಿದ ದೇಶವೇ ಇಟಲಿ. ಚೆಸರೆ ಬ್ರಾಂದಿ ಅನ್ನೋ ವಿದ್ವಾಂಸ 1963ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಮರುವರ್ಷ ವೆನಿಸ್‌ನಲ್ಲಿ ಸೇರಿದ ತಜ್ಞರು ಒಂದು ಸನ್ನದು ಮಾಡಿದರು. ತಿರುಳು ಇಷ್ಟೇ: ಊಹೆ ಶುರುವಾಗೋ ಕಡೆ ದುರಸ್ತಿ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗೊತ್ತಾಗಬೇಕು. ಅಲ್ಲಿನ ಭಿತ್ತಿಚಿತ್ರಗಳಲ್ಲಿ ಬಣ್ಣ ಉದುರಿದ ಜಾಗವನ್ನ ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ನೋಡಿದರೆ ಚಿತ್ರ ಪೂರ್ತಿ, ಹತ್ತಿರ ಹೋದರೆ ಯಾವುದು ಹಳೇದು ಯಾವುದು ತೇಪೆ ಅಂತ ಕಾಣುತ್ತೆ. ಎಂಥಾ ಮರ್ಯಾದಸ್ಥ ಕೆಲಸ ಅಲ್ವಾ?

ಕಾರಿಗೂ ಭಿತ್ತಿಚಿತ್ರಕ್ಕೂ ಎಲ್ಲಿಯ ಹೋಲಿಕೆ ಅಂತೀರಾ? ಹೋಲಿಕೆ ಮಾಡಿದ್ದು ನಾನಲ್ಲ. 2019ರಲ್ಲಿ ಬೊಲೊನ್ಯಾದ ನ್ಯಾಯಾಲಯ 250 ಜಿಟಿಒ ಒಂದು ಕಲಾಕೃತಿ ಅಂತ ಹೇಳಿ ಅದರ ನಕಲು ತಯಾರಿಕೆಗೆ ತಡೆ ಹಾಕಿತು. ಹಾಗೆ ಕೇಳಿಕೊಂಡಿದ್ದು ಫೆರಾರಿ ಕಂಪನಿಯೇ. ನಕಲು ಮಾಡೋವನ ಮುಂದೆ ಅದು ಕಲಾಕೃತಿ, ಸ್ಯಾಂಡ್‌ಪೇಪರ್ ಹಿಡಿದವನ ಮುಂದೆ ಬರೀ ತಗಡಾ?

ನಮ್ಮಲ್ಲೂ ಈ ರೋಗ ಇದೆ, ಜೀರ್ಣೋದ್ಧಾರ ಅಂತ ಅದರ ಹೆಸರು. ಹಳೇ ದೇವಸ್ಥಾನದ ಕಲ್ಲಿಗೆ ಆಯಿಲ್ ಪೇಂಟ್ ಬಳಿದು, ಶಾಸನದ ಮೇಲೆ ಟೈಲ್ಸ್ ಹಾಕಿ, ದಾನಿಗಳ ಹೆಸರಿನ ಹೊಸ ಕಲ್ಲು ನೆಡ್ತೀವಲ್ಲ, ಅದೇ. ಮಾಡೋರ ಭಕ್ತಿಯಲ್ಲಿ ಅನುಮಾನ ಇಲ್ಲ. ಆದರೆ ಕಲ್ಲು ಹೇಳುತ್ತಿದ್ದದ್ದು ಇನ್ನು ಕೇಳಿಸೋದಿಲ್ಲ.

ಸರಿ, ಎದುರಾಳಿಗಳ ಮಾತೂ ಕೇಳೋಣ. "ಕಾರು ಅಂದ ಮೇಲೆ ಓಡಬೇಕು. ಕಬ್ಬಿಣ ತುಕ್ಕು ಹಿಡಿಯುತ್ತೆ, ರಬ್ಬರ್ ಬಿರುಕು ಬಿಡುತ್ತೆ. ಅರವತ್ತು ವರ್ಷದ ಬ್ರೇಕ್ ಪೈಪ್ ನಂಬಿ ನೀವು ಕೂರ್ತೀರಾ?" ಖಂಡಿತ ಕೂರಲ್ಲ. ಬ್ರೇಕು, ಟೈರು, ಪೆಟ್ರೋಲ್ ಪೈಪು ಬದಲಾಯಿಸಲೇಬೇಕು. ಕೊಳೆತ ಚಾಸಿಸ್‌ಗೆ ತೇಪೆ ಹಾಕಲೇಬೇಕು. ಓಡಿಸದೆ ಗಾಜಿನ ಗೂಡಿನಲ್ಲಿಡೋದು ಇನ್ನೂ ದೊಡ್ಡ ಪಾಪ. ನಾನು ಹೇಳ್ತಿರೋದು, ಬದಲಾಯಿಸಿದ್ದನ್ನ ಬದಲಾಯಿಸಿದೆ ಅಂತ ಬರೀರಿ.

"ಹಾಗೆ ಬರೆದರೆ ಬೆಲೆ ಬೀಳುತ್ತೆ" ಅಂತಾರೆ ಇನ್ನು ಕೆಲವರು. ಸುಳ್ಳು! 2018ರಲ್ಲಿ ಇದೇ ಮಾಂಟೆರೆಯಲ್ಲಿ ಒಂದು 250 ಜಿಟಿಒ 4 ಕೋಟಿ 84 ಲಕ್ಷ ಡಾಲರಿಗೆ ಹೋಯ್ತು. ಅದು 1962ರ ಕಾರು, ಆದರೆ ಮೈ 1964ರಲ್ಲಿ ಸ್ಕಾಲ್ಯೆಟ್ಟಿ ಕಾರ್ಖಾನೆಯಲ್ಲೇ ಹಾಕಿದ ಎರಡನೇ ಮೈ. ಯಾರೂ ಮುಚ್ಚಿಡಲಿಲ್ಲ. 2014ರಲ್ಲಿ ಪೆಬಲ್ ಬೀಚ್ ಪ್ರದರ್ಶನದ ಅತ್ಯುನ್ನತ ಬಹುಮಾನ ಗೆದ್ದ ಫೆರಾರಿ 375 ಎಂಎಂ ಕೂಡ ಹಾಗೇ. ಅದು ಸಿನಿಮಾ ನಿರ್ದೇಶಕ ರೊಬೆರ್ತೊ ರೊಸೆಲ್ಲಿನಿಯ ಕಾರು. ಹೌದು, 1957ರಲ್ಲಿ ನಮ್ಮ ದೇಶಕ್ಕೆ ಬಂದು 'ಇಂಡಿಯಾ: ಮಾತೃಭೂಮಿ' ಚಿತ್ರೀಕರಿಸಿದ ಅದೇ ರೊಸೆಲ್ಲಿನಿ. ಕಾರಿಗೆ ಮೊದಲು ಪಿನಿನ್ ಫರೀನಾದ ತೆರೆದ ಮೈ ಇತ್ತು. ಅದು ಜಖಂ ಆದ ಮೇಲೆ ಸ್ಕಾಲ್ಯೆಟ್ಟಿಯಿಂದ ಮುಚ್ಚಿದ ಮೈ ಮಾಡಿಸಿಕೊಂಡ. ಆ ಎರಡನೇ ಮೈಯನ್ನೇ ಉಳಿಸಿಕೊಂಡು ರೆಸ್ಟೋರ್ ಮಾಡಿದ ಕಾರಿಗೆ ಬಹುಮಾನ ಬಂತು. ನೋಡಿ, ರೆಸ್ಟೋರ್ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕಥೆ ಬಿಚ್ಚಿ ಹೇಳಿದರೆ ಗಿರಾಕಿಯೂ ಓಡಿಹೋಗಲ್ಲ, ತೀರ್ಪುಗಾರನೂ ಮೂಗು ಮುರಿಯಲ್ಲ.

ಗಾಳಿ ಬದಲಾಗ್ತಿದೆ ಅನ್ನೋದಕ್ಕೂ ಒಂದು ಸಾಕ್ಷಿ ಇದೆ. 2024ರಲ್ಲಿ ಅದೇ ಪೆಬಲ್ ಬೀಚ್ ಬಹುಮಾನ ರೆಸ್ಟೋರ್ ಮಾಡದೆ ಇದ್ದ ಹಾಗೇ ಉಳಿಸಿಕೊಂಡ 1934ರ ಬುಗಾಟಿ ಟೈಪ್ 59ಕ್ಕೆ ಹೋಯ್ತು. ಆ ಪ್ರದರ್ಶನದ ಚರಿತ್ರೆಯಲ್ಲೇ ಇದು ಮೊದಲು. ಅಂದ ಹಾಗೆ ಬುಗಾಟಿ ಫ್ರೆಂಚ್ ಕಾರು, ಆದರೆ ಅದನ್ನ ಕಟ್ಟಿದ ಎತ್ತೊರೆ ಬುಗಾಟಿ ಹುಟ್ಟಿದ್ದು ಮಿಲಾನಿನಲ್ಲಿ!

ಹಾಗಾಗಿ ಮಾರೋ ಮಹಾನುಭಾವರಲ್ಲಿ ನನ್ನ ಬೇಡಿಕೆ ಮೂರೇ. ಬಿಚ್ಚೋ ಮೊದಲಿನ ಫೋಟೋ ಹಾಕಿ. ಯಾವ ತಗಡು ಹಳೇದು, ಯಾವುದು ಹೊಸದು ಅಂತ ಪಟ್ಟಿ ಕೊಡಿ, ಹೊಸ ತಗಡಿನ ಒಳಮೈಯಲ್ಲಿ ಇಸವಿ ಮತ್ತು ಬಡಿದವನ ಹೆಸರು ಕೆತ್ತಿ. ಕಿತ್ತ ಭಾಗಗಳನ್ನ ಬಿಸಾಡಬೇಡಿ, ಕಾರಿನ ಜತೆಗೇ ಕೊಡಿ. ಇಷ್ಟು ಮಾಡೋಕಾಗದಿದ್ದರೆ 'ಒರಿಜಿನಲ್' ಅನ್ನೋದನ್ನ ಬಿಟ್ಟು 'ಹಳೇ ನಂಬರಿನ ಹೊಸ ಕಾರು' ಅಂತ ಬರೀರಿ. ಅದೂ ಚೆಂದದ ವಸ್ತುವೇ, ಬೇಕಾದವರು ತಗೋತಾರೆ.

ನನ್ನ ಹತ್ತಿರ ದುಡ್ಡಿಲ್ಲ, ಹಾಗಾಗಿ ಚೌಕಾಸಿ ಮಾಡೋ ಹಕ್ಕೂ ಇಲ್ಲ ಅಂತ ಯಾರಾದರೂ ಅನ್ನಬಹುದು. ಅನ್ನಲಿ ಬಿಡಿ. ನಿಮಗೇನನ್ನಿಸುತ್ತೆ?